ಗಾಡಿ ಪ್ರಶ್ನೋತ್ತರ: ಹಳೆಯ ಪಿಕಪ್ಪಿಗೆ ನಾಲ್ಕು ಬಾಗಿಲು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮೈಲೇಜು, ಟೈರು, ವಿಮೆ ಇವುಗಳ ಸುತ್ತಲೇ ತಿರುಗುತ್ತವೆ. ಈ ತಿಂಗಳು ಮಾತ್ರ ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳ ಓದುಗರು ಒಂದೇ ವಿಷಯ ಹಿಡಿದು ಬರೆದಿದ್ದಾರೆ. ಎರಡು ಬಾಗಿಲಿನ ಹಳೆಯ ಪಿಕಪ್ಪಿಗೆ ಹಿಂದೆ ಇನ್ನೊಂದು ಸಾಲು ಸೀಟು, ಇನ್ನೆರಡು ಬಾಗಿಲು ಜೋಡಿಸಿ ಕಟ್ಟಿಸುವುದು ಆ ವಿಷಯ. ಅಮೆರಿಕದವರು ಇಂಥ ಗಾಡಿಯನ್ನು ಕ್ರೂ ಕ್ಯಾಬ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಅದು ಡಬಲ್ ಕ್ಯಾಬಿನ್. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೆ, ಹುಮನಾಬಾದ ರಸ್ತೆಯಲ್ಲಿರುವ ನಮ್ಮ ದಾಲ್ ಮಿಲ್ಲಿನ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ನಮ್ಮ ಮುತ್ಯಾ ಕೊಂಡಿದ್ದ 1952ರ ಷೆವರ್ಲೆ ಪಿಕಪ್ಪು ನಿಂತಿದೆ. ಬಾನೆಟ್ಟಿನ ಪಕ್ಕದಲ್ಲಿ 3100 ಎಂದು ಬರೆದಿದೆ. ಎಂಜಿನ್ ಜಾಮ್ ಆಗಿದೆ, ಆದರೆ ಬಾಡಿ ಗಟ್ಟಿ ಇದೆ, ಹಳೆಯ ಆರ್‌ಸಿ ಪುಸ್ತಕವೂ ಇದೆ. ನಮ್ಮ ಮನೆಯಲ್ಲಿ ಏಳು ಜನರಿದ್ದೇವೆ. ಇದನ್ನು ನಾಲ್ಕು ಬಾಗಿಲಿನದಾಗಿ ಮಾಡಿಸಿದರೆ ಹುಣ್ಣಿಮೆಗೆ ಎಲ್ಲರೂ ಒಂದೇ ಗಾಡಿಯಲ್ಲಿ ಗಾಣಗಾಪುರಕ್ಕೆ ಹೋಗಬಹುದು ಎಂಬುದು ನಮ್ಮ ಕಾಕಾ ಅವರ ಆಸೆ. ಮೇಸ್ತ್ರಿ ಒಬ್ಬರು ಮೂರು ತಿಂಗಳಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಕೈ ಹಾಕಬಹುದೇ?
ಓದುಗರು, ಕಲಬುರಗಿ

ಉತ್ತರ: ಮೊದಲು ಕಾಕಾ ಅವರ ಲೆಕ್ಕವನ್ನೇ ನೋಡೋಣ. ಆ ಕಾಲದ ಅಗಲದ ಕ್ಯಾಬಿನಿನಲ್ಲಿ ಒಂದು ಸಾಲಿಗೆ ಮೂವರು ಕೂಡಬಹುದು. ಇನ್ನೊಂದು ಸಾಲು ಸೇರಿಸಿದರೆ ಆರು ಜನ. ಷೆವರ್ಲೆ ಕಂಪನಿಯೇ ಮುಂದೆ 1973ರಲ್ಲಿ ನಾಲ್ಕು ಬಾಗಿಲಿನ ಪಿಕಪ್ಪು ತಂದಾಗ ಅದನ್ನು "ಮೂರು ಕೂಡಿಸು ಮೂರು" ಎಂದು ಕರೆಯಿತು. ಏಳನೆಯವರು ಡಾಲಾದಲ್ಲಿ, ಎಂದರೆ ಹಿಂದೆ ಸರಕು ಹಾಕುವ ತೊಟ್ಟಿಯಲ್ಲಿ, ಕೂಡಬೇಕಾಗುತ್ತದೆ, ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಹೀಗೆ ಇಷ್ಟು ಖರ್ಚು ಮಾಡಿದ ಮೇಲೂ ಮನೆಯ ಒಬ್ಬರು ಹಿಂದಿನಿಂದ ಬಸ್ಸಿನಲ್ಲಿಯೇ ಬರಬೇಕು.

ಇನ್ನು ಗಾಡಿಯ ವಿಷಯ. ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ಇಟ್ಟುಕೊಂಡು, ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಜೋಡಿಸಿ ಷೆವರ್ಲೆ ಕಾರು, ಲಾರಿಗಳನ್ನು ಮಾರುತ್ತಿತ್ತು. ಇಲ್ಲಿಯೇ ತಯಾರಿಸುವ ಯೋಜನೆ ಇರುವವರಿಗೆ ಮಾತ್ರ ಅವಕಾಶ ಎಂದು ಸರ್ಕಾರ ತೀರ್ಮಾನಿಸಿದಾಗ ಅದು ಬಾಗಿಲು ಹಾಕಿಕೊಂಡು ಹೋಯಿತು. ನಿಮ್ಮ ಮುತ್ಯಾ ಅವರ ಗಾಡಿ ಆ ಕೊನೆಯ ವರ್ಷಗಳದ್ದು. ಆಗ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು ಎಂಬುದನ್ನು ನೆನೆದರೆ, ಆ ಹಳೆಯ ಆರ್‌ಸಿ ಪುಸ್ತಕದ ಬೆಲೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಇಂದೇ ಲ್ಯಾಮಿನೇಷನ್ ಮಾಡಿಸಲು ಕಳಿಸಬೇಡಿ. ಹಳೆಯ ಕಾಗದ ಬಿಸಿಗೆ ಕಪ್ಪಾಗುತ್ತದೆ, ಅಕ್ಷರ ಮಾಸುತ್ತದೆ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಗೆಯೇ ಇಡಿ.

ಈಗ ಮೇಸ್ತ್ರಿ ಹೇಳಿದ ಮೂರು ತಿಂಗಳ ಮಾತಿಗೆ ಬರುತ್ತೇನೆ. ಡಬಲ್ ಕ್ಯಾಬಿನ್ ಎಂದ ಕೂಡಲೇ ಎಲ್ಲರ ಕಣ್ಣೂ ಬಾಗಿಲಿನ ಮೇಲೆ ಹೋಗುತ್ತದೆ. ನಿಜವಾದ ಪ್ರಶ್ನೆ ಇರುವುದು ಚಾಸಿಯಲ್ಲಿ, ಎಂದರೆ ಇಡೀ ಗಾಡಿಯನ್ನು ಹೊತ್ತ ಅಡಿಯ ಉಕ್ಕಿನ ಚೌಕಟ್ಟಿನಲ್ಲಿ. 3100ರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 116 ಇಂಚು. ಡಾಲಾದ ಉದ್ದ ಸುಮಾರು ಆರೂವರೆ ಅಡಿ. ಹಿಂದಿನ ಸಾಲಿನಲ್ಲಿ ದೊಡ್ಡವರು ಕಾಲು ಇಟ್ಟು ಕೂಡಬೇಕೆಂದರೆ ಕಡಿಮೆಯೆಂದರೂ 34 ಇಂಚು ಬೇಕು. ಚಾಸಿ ಮುಟ್ಟದೆ ಆ ಜಾಗವನ್ನು ಡಾಲಾದಿಂದ ಕಿತ್ತುಕೊಂಡರೆ ಉಳಿಯುವ ಡಾಲಾ ನಾಲ್ಕು ಅಡಿಗೂ ಕಡಿಮೆ, ತೊಗರಿ ಚೀಲ ನಾಲ್ಕು ಹಾಕಿದರೆ ತುಂಬಿಹೋಗುತ್ತದೆ. ಡಾಲಾ ಉಳಿಯಬೇಕೆಂದರೆ ಚಾಸಿಯನ್ನು ಕತ್ತರಿಸಿ ಉದ್ದ ಮಾಡಬೇಕು. 1973ರ ಷೆವರ್ಲೆ ನಾಲ್ಕು ಬಾಗಿಲಿನ ಗಾಡಿಯಲ್ಲಿ ಗಾಲಿಗಳ ಅಂತರ 164.5 ಇಂಚು ಇತ್ತು ಎಂದರೆ, ಸರಿಯಾಗಿ ಮಾಡಿದರೆ ಗಾಡಿ ಎಷ್ಟು ಬೆಳೆಯುತ್ತದೆ ಎಂಬ ಅಂದಾಜು ಸಿಗುತ್ತದೆ. ಅಂಥ ಗಾಡಿಯನ್ನು ಸೂಪರ್ ಮಾರ್ಕೆಟಿನ ಓಣಿಯಲ್ಲಿ ತಿರುಗಿಸುವ ಸಾಹಸವನ್ನು ನಾನಂತೂ ಮಾಡುವುದಿಲ್ಲ.

ನಿಮ್ಮ ಗಾಡಿಯಲ್ಲಿ ಇನ್ನೊಂದು ತೊಡಕಿದೆ, ಅದನ್ನು ಮೇಸ್ತ್ರಿ ಬಹುಶಃ ಅಡಿಯಲ್ಲಿ ಮಲಗಿ ನೋಡಿಲ್ಲ. ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳ ನಡುವಿನ ಹೌಸಿಂಗಿಗೆ ಹೋಗುವ ಶಾಫ್ಟು ಈಗಿನ ಗಾಡಿಗಳಂತೆ ಬಯಲಿನಲ್ಲಿ ತಿರುಗುವುದಿಲ್ಲ, ದಪ್ಪನೆಯ ಕೊಳವೆಯೊಳಗೆ ಅಡಗಿದೆ. ಆ ಕೊಳವೆ ಬರೀ ಮುಚ್ಚಳವಲ್ಲ. ಗಾಲಿಗಳು ಗಾಡಿಯನ್ನು ಮುಂದೆ ತಳ್ಳುವ ಬಲವೆಲ್ಲ ಅದರ ಮೂಲಕವೇ ಚಾಸಿಗೆ ಬರುತ್ತದೆ. ಬೇರೆ ಗಾಡಿಯ ಶಾಫ್ಟಿಗೆ ತುಂಡು ಸೇರಿಸಿ ಉದ್ದ ಮಾಡಿದಂತೆ ಇದನ್ನು ಮಾಡಲು ಬರುವುದಿಲ್ಲ. ಚಾಸಿ ಉದ್ದವಾದರೆ ಕೊಳವೆ ಬಿಚ್ಚಿ, ಹೌಸಿಂಗ್ ಬದಲಿಸಿ, ಕಮಾನು ಪಟ್ಟಿಗಳು ಆ ತಳ್ಳುವ ಬಲವನ್ನು ತಡೆಯುವಂತೆ ಹೊಸದಾಗಿ ಕೂಡಿಸಿ, ನಡುವೆ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟು ಹಾಕಬೇಕು. ಅಲ್ಲಿಗೆ ಮುತ್ಯಾ ಅವರ ಗಾಡಿಯಲ್ಲಿ ಮುತ್ಯಾ ಅವರದಾಗಿ ಉಳಿಯುವುದು ಮುಖ ಮಾತ್ರ.

ಕಾನೂನಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದು ಎಲ್ಲಕ್ಕಿಂತ ಗಟ್ಟಿಯಾದ ಅಡ್ಡಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಹೊಸ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎಂದು ನೋಂದಣಿಯಾಗಬಹುದು. ಷರತ್ತು ಒಂದೇ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅದು 10 ವರ್ಷ ಚಾಲ್ತಿಯಲ್ಲಿರುತ್ತದೆ, ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ "ವಿಎ" ಎಂದು ಬರುತ್ತದೆ. ಆದರೆ ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ನಿಮಗೆ ಇದು ಸಣ್ಣ ಲಾಭವಲ್ಲ. ಇಂಥ ಗಾಡಿಯನ್ನು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಎಣ್ಣೆ ಹಾಕಿಸಲು, ದುರಸ್ತಿಗೆ ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನಡುವೆ ಕತ್ತರಿಸಿ ಇನ್ನೆರಡು ಬಾಗಿಲು ಕೂಡಿಸಿದ ದಿನ ಈ ದಾರಿ ಮುಚ್ಚಿಹೋಗುತ್ತದೆ, ಮುಂದೆ ಎಂದೂ ತೆರೆಯುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಕೈ ಹಾಕಿ, ಆದರೆ ಗರಗಸ ಹಿಡಿಯಬೇಡಿ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ಲಿಗೆ ಆಟೋಮ್ಯಾಟಿಕ್ ಗೇರಿನ ಎಣ್ಣೆ ಬೆರೆಸಿ ಸುರಿದು ಹತ್ತು ದಿನ ಬಿಡಿ. ಆ ಮೇಲೆ ಗೇರಿಗೆ ಹಾಕಿ ಗಾಡಿಯನ್ನು ಹಿಂದೆಮುಂದೆ ಮೆಲ್ಲಗೆ ಅಲುಗಿಸಿ, ಒಮ್ಮೆಲೇ ಎಳೆಯಬೇಡಿ. ಎಂಜಿನ್ ಮೂಲದ್ದೇ ಆಗಿದ್ದರೆ ಅದು 216 ಘನ ಇಂಚಿನ ಆರು ಸಿಲಿಂಡರಿನದು. ಅದರ ಕನೆಕ್ಟಿಂಗ್ ರಾಡ್ ಬೇರಿಂಗುಗಳಿಗೆ ಎಣ್ಣೆ ಒತ್ತಡದಿಂದ ಹೋಗುವುದಿಲ್ಲ, ರಾಡಿನ ತುದಿಯ ಸಣ್ಣ ಚಮಚ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಗಂಟೆಗೆ 70 ಕಿಲೋಮೀಟರಿನ ಒಳಗೆ ಓಡಿಸುವವರಿಗೆ ಅದು ಅನೇಕ ವರ್ಷ ಬಾಳುತ್ತದೆ. ಗಾಣಗಾಪುರಕ್ಕೆ ಏಳು ಜನ ಹೋಗಲು ಬೇರೆ ಗಾಡಿ ಮಾಡಿಕೊಳ್ಳಿ.

ಪ್ರಶ್ನೆ: ಪಿಕಪ್ಪಿಗೆ ನಾಲ್ಕು ಬಾಗಿಲು ಇಟ್ಟವರು ಮೊದಲು ಯಾರು? ನಮ್ಮಲ್ಲಿ ಇದು ಬೊಲೆರೋ ಕ್ಯಾಂಪರಿನಿಂದ ಶುರುವಾಯಿತೇ?
ವಿದ್ಯಾರ್ಥಿ, ಯಾದಗಿರಿ

ಉತ್ತರ: ಕಂಪನಿಯಿಂದಲೇ ಸಿದ್ಧವಾಗಿ ಬಂದ ಮೊದಲ ಕ್ರೂ ಕ್ಯಾಬ್ ಪಿಕಪ್ಪು ಎಂಬ ಹೆಸರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ 1957ರ ಟ್ರಾವೆಲೆಟ್ ಗಾಡಿಗೆ ಇದೆ. ಹೌದು, ಟ್ರ್ಯಾಕ್ಟರು, ಒಕ್ಕಣೆ ಯಂತ್ರ ಮಾಡುತ್ತಿದ್ದ ಅದೇ ಕಂಪನಿ. ಸ್ವಾರಸ್ಯವೆಂದರೆ ಆ ಮೊದಲ ಗಾಡಿಗೆ ಇದ್ದದ್ದು ಮೂರೇ ಬಾಗಿಲು. ಚಾಲಕನ ಹಿಂದಿನ ಕಡೆ ಬಾಗಿಲು ಇರಲಿಲ್ಲ, ನಾಲ್ಕನೆಯದು ಬಂದದ್ದು 1961ರಲ್ಲಿ. ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ಚಪ್ಪಟೆ ಮುಖದ ವ್ಯಾನನ್ನು 1958ರಿಂದ ಡಬಲ್ ಕ್ಯಾಬಿನ್ ರೂಪದಲ್ಲಿ ಮಾರಿತು. ಅದಕ್ಕೂ ಮುಂಚೆ ಬಿಂಟ್ಸ್ ಎಂಬ ಬಾಡಿ ಕಟ್ಟುವ ಸಂಸ್ಥೆ ಅಲ್ಲಿ ಅದನ್ನು ಕೈಯಿಂದ ಕಟ್ಟಿಕೊಡುತ್ತಿತ್ತು. ಅಮೆರಿಕದಲ್ಲಿ ಡಾಜ್ 1963ರಲ್ಲಿ, ಫೋರ್ಡ್ 1965ರಲ್ಲಿ, ಷೆವರ್ಲೆ 1973ರಲ್ಲಿ ಈ ಸಾಲಿಗೆ ಸೇರಿದವು. ಕೊಂಡವರು ಹೆಚ್ಚಾಗಿ ರೈಲ್ವೆ, ವಿದ್ಯುತ್ ಕಂಬದ ಕೆಲಸ, ಕಾಡಿನ ಇಲಾಖೆಯವರು. ಐದಾರು ಕೆಲಸಗಾರರು ಮತ್ತು ಅವರ ಸಲಕರಣೆ ಒಂದೇ ಗಾಡಿಯಲ್ಲಿ ಹೋಗಲಿ ಎಂಬುದು ಉದ್ದೇಶ. ಕ್ರೂ ಎಂದರೆ ಆ ಕೆಲಸಗಾರರ ತಂಡವೇ.

ಈ ವರ್ಷಗಳನ್ನು ಗಮನಿಸಿದರೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ. 1940 ಮತ್ತು 50ರ ದಶಕದ ದುಂಡು ಮುಖದ ಷೆವರ್ಲೆ, ಡಾಜ್, ಫೋರ್ಡ್ ಪಿಕಪ್ಪುಗಳು ನಾಲ್ಕು ಬಾಗಿಲಿನಲ್ಲಿ ಕಾರ್ಖಾನೆಯಿಂದ ಹೊರಬರಲೇ ಇಲ್ಲ. ನೀವು ಚಿತ್ರಗಳಲ್ಲಿ ಕಾಣುವ ಅಂಥ ಗಾಡಿಗಳೆಲ್ಲ ಆಮೇಲೆ ಯಾರೋ ಎರಡು ಕ್ಯಾಬಿನ್ ಕತ್ತರಿಸಿ ಕೂಡಿಸಿದವು, ಕೆಲವೊಮ್ಮೆ ಹಳೆಯ ಕ್ಯಾಬಿನನ್ನು ಇತ್ತೀಚಿನ ಉದ್ದ ಚಾಸಿಯ ಮೇಲೆ ಕೂರಿಸಿದವು. ಅಮೆರಿಕದ ಬಿಲ್ಡರುಗಳಿಗೆ ತುಂಬ ಮೆಚ್ಚಿನ ಎಂಜಿನ್ನುಗಳಲ್ಲಿ 5.9 ಲೀಟರಿನ ಕಮಿನ್ಸ್ ಡೀಸೆಲ್ ಒಂದು. ಅದೇ ವಂಶದ ಎಂಜಿನ್ನು ಜಮ್‌ಶೆಡ್‌ಪುರದಲ್ಲಿ ತಯಾರಾಗಿ ನಮ್ಮ ಟಾಟಾ ಲಾರಿಗಳಲ್ಲಿ ವಾಡಿಯ ಸಿಮೆಂಟು, ಶಹಾಬಾದ ಕಲ್ಲು ಹೊತ್ತು ತಿರುಗಿದೆ. ನಮ್ಮ ಮೇಸ್ತ್ರಿಗಳು ಕಣ್ಣು ಮುಚ್ಚಿ ಬಿಚ್ಚುವ ಎಂಜಿನ್ನಿಗೆ ಅಲ್ಲಿ ಅಷ್ಟು ಬೆಲೆ.

ಕ್ಯಾಂಪರ್ ಈ ಭಾಗದಲ್ಲಿ ಡಬಲ್ ಕ್ಯಾಬಿನನ್ನು ಮನೆಮಾತು ಮಾಡಿತು ಎಂಬುದನ್ನು ಒಪ್ಪುತ್ತೇನೆ. ಮೊದಲನೆಯದು ಎನ್ನಲಾರೆ.

ಪ್ರಶ್ನೆ: ನಾನು ಹುಮನಾಬಾದಿನಲ್ಲಿ ಲಾರಿ ಬಾಡಿ ಕೆಲಸ ಮಾಡುವವನು. ಹೆದ್ದಾರಿಯ ಧಾಬಾ ಮಾಲೀಕರೊಬ್ಬರು ಗುಜರಿಯಿಂದ ಎರಡು ಹಳೆಯ ಷೆವರ್ಲೆ ಕ್ಯಾಬಿನ್ ತಂದು ಕೊಟ್ಟು, ಎರಡನ್ನೂ ಕೂಡಿಸಿ ನಾಲ್ಕು ಬಾಗಿಲಿನ ಪಿಕಪ್ಪು ಮಾಡಿ ಧಾಬಾದ ಮುಂದೆ ನಿಲ್ಲಿಸಬೇಕು ಎಂದಿದ್ದಾರೆ. ರಸ್ತೆಗೆ ಇಳಿಸುವುದಿಲ್ಲ. ಒಂದು ಕ್ಯಾಬಿನಿನ ಹಿಂಬದಿ, ಇನ್ನೊಂದರ ಮುಂಬದಿ ಕತ್ತರಿಸಿ ನೋಡಿದೆ, ಕೂಡುತ್ತಿಲ್ಲ. ಎಲ್ಲಿ ತಪ್ಪಿದೆ?
ಬಾಡಿ ಮೇಸ್ತ್ರಿ, ಹುಮನಾಬಾದ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ನಿಮ್ಮದು. ಗುಜರಿಗೆ ಹೋದ ಎರಡು ಕ್ಯಾಬಿನುಗಳಿಂದ ಒಂದು ಗಾಡಿ ಹುಟ್ಟಿದರೆ ಯಾರಿಗೂ ನಷ್ಟವಿಲ್ಲ. ಒಂದು ಎಚ್ಚರ ಮಾತ್ರ: ಅವುಗಳಲ್ಲಿ ಯಾವುದಕ್ಕಾದರೂ ಇನ್ನೂ ಆರ್‌ಸಿ ಇದ್ದರೆ, ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನಂತೆ ಆರ್‌ಟಿಓ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸುವಂತೆ ಮಾಲೀಕರಿಗೆ ಹೇಳಿ. ಚಾಸಿ ನಂಬರ್ ಕೆತ್ತಿದ ಭಾಗವನ್ನು ಉಜ್ಜಬೇಡಿ, ಕತ್ತರಿಸಬೇಡಿ. ಮುಂದೆ ಯಾವ ಪೊಲೀಸ್ ವಿಚಾರಣೆ ಬಂದರೂ ನಿಮ್ಮನ್ನು ಕಾಯುವುದು ಆ ಅಂಕಿಗಳೇ.

ಈಗ ಕೆಲಸಕ್ಕೆ ಬರೋಣ. ನೀವು ಮುಂದಿನ ಕ್ಯಾಬಿನಿನಲ್ಲಿ ಬಾಗಿಲ ಕಂಬದ ಹಿಂದೆ ಕತ್ತರಿಸಿದ್ದೀರಿ, ಹಿಂದಿನ ಕ್ಯಾಬಿನಿನಲ್ಲಿ ಮುಂಗಾಜು, ಡ್ಯಾಶ್ ಬೋರ್ಡು ತೆಗೆದು ಬಾಗಿಲ ಕೀಲು ಇರುವ ಕಂಬದ ಮುಂದೆ ಕತ್ತರಿಸಿದ್ದೀರಿ. ಇಷ್ಟೂ ಸರಿಯಾಗಿದೆ. ಆ ಎರಡು ಕಂಬಗಳು ಬೆನ್ನಿಗೆ ಬೆನ್ನು ಕೊಟ್ಟು ನಡುಗಂಬವಾಗಬೇಕು. ಕೂಡದಿರುವುದಕ್ಕೆ ಕಾರಣ ಎರಡನೆಯ ಕ್ಯಾಬಿನಿನ ಬಾಗಿಲು ಮೂಲದಲ್ಲಿ ಮುಂಬಾಗಿಲು. ಅದರ ಕಿಟಕಿಯ ಚೌಕಟ್ಟು ಮುಂಗಾಜಿನ ಓರೆಗೆ ಹೊಂದಿಕೊಂಡು ಹಿಂದಕ್ಕೆ ವಾಲಿದೆ. ಮುಂದಿನ ಬಾಗಿಲಿನ ಹಿಂಬದಿಯೋ ನೆಟ್ಟಗೆ ನಿಂತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕೆಳಗೆ ಕೂಡಿ ಮೇಲೆ ತ್ರಿಕೋನದ ಸಂದು ಬೀಳುತ್ತದೆ. ನಿಮ್ಮ ಕಣ್ಣಿಗೆ ಕ್ಯಾಬಿನ್ ಸೊಟ್ಟಗಾಗಿದೆ ಎನಿಸಿರಬೇಕು, ಆದರೆ ಅದು ಸೊಟ್ಟಗಾಗಿಲ್ಲ. ಹಿಂಬಾಗಿಲಿನ ಸೊಂಟದ ಗೆರೆಯಿಂದ ಮೇಲಿನ ಚೌಕಟ್ಟನ್ನು ಬಿಡಿಸಿ, ಮುಂದಿನ ಅಂಚನ್ನು ನೆಟ್ಟಗೆ ಮಾಡಿ ಹೊಸದಾಗಿ ಕಟ್ಟಬೇಕು, ಕಂಬದ ಮೇಲುಭಾಗವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಗಾಜು ಕೂಡ ಬೇರೆ ಆಕಾರದ್ದಾಗುತ್ತದೆ, ಚಪ್ಪಟೆ ಗಾಜಾದ್ದರಿಂದ ಕತ್ತರಿಸಿ ಕೊಡುವವರು ಬೀದರಿನಲ್ಲಿಯೇ ಸಿಗುತ್ತಾರೆ.

ಮಾಡು, ಎಂದರೆ ಕ್ಯಾಬಿನಿನ ಛಾವಣಿ, ಇದಕ್ಕಿಂತ ತ್ರಾಸಿನದು. ಮುಂದಿನ ಕ್ಯಾಬಿನಿನ ಮಾಡು ಮುಂದಕ್ಕೆ ಇಳಿಯುತ್ತದೆ, ಹಿಂದಿನದರ ಮಾಡು ಹಿಂದಕ್ಕೆ ಇಳಿಯುತ್ತದೆ. ಎರಡರ ಅತಿ ಎತ್ತರದ ಜಾಗಗಳನ್ನು ಹುಡುಕಿ ಅಲ್ಲಿ ಕತ್ತರಿಸಿ, ನಡುವೆ ಒಂದು ಹೊಸ ಪಟ್ಟಿ ಸೇರಿಸಬೇಕು. ಆ ಪಟ್ಟಿ ಮುಂದೆ ಹಿಂದೆ ಸಮವಾಗಿದ್ದರೂ ಎಡದಿಂದ ಬಲಕ್ಕೆ ಆಮೆಯ ಬೆನ್ನಿನಂತೆ ಉಬ್ಬಿರಬೇಕು. ಚಪ್ಪಟೆ ಪತ್ರಾ ಇಟ್ಟು ವೆಲ್ಡಿಂಗ್ ಮಾಡಿದರೆ ದೂರದಿಂದಲೇ ಗುಂಡಿ ಬಿದ್ದಂತೆ ಕಾಣುತ್ತದೆ, ಮೊದಲ ಮಳೆಗೆ ನೀರು ನಿಲ್ಲುತ್ತದೆ. ಉಬ್ಬು ತರುವ ಚಕ್ರದ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ ಮರಳು ತುಂಬಿದ ಚರ್ಮದ ಚೀಲ, ಮರದ ಸುತ್ತಿಗೆ ಸಾಕು. ತಾಮ್ರದ ಕೊಡ ಬಡಿಯುವವರು ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಪೆಟ್ಟು ಕೊಡುವ ರೀತಿಯನ್ನು ಒಮ್ಮೆ ನಿಂತು ನೋಡಿ, ಇದೂ ಅದೇ ಕೆಲಸ.

ಇಷ್ಟನ್ನೂ ಮಾಡುವ ಮೊದಲು ಮಾಡಬೇಕಾಗಿದ್ದ ಒಂದು ಕೆಲಸ ಉಳಿದಿದೆ ಎಂದು ನನ್ನ ಗುಮಾನಿ. ಕತ್ತರಿಸುವ ಮುಂಚೆ ಕ್ಯಾಬಿನಿನೊಳಗೆ ಚೌಕ ಪೈಪುಗಳನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಕೊಟ್ಟು ಬಿಗಿದಿದ್ದೀರಾ? ಬಾಗಿಲು ಹಾಕಿದ ಸ್ಥಿತಿಯಲ್ಲಿ ಈ ಬಿಗಿತ ಕೊಡಬೇಕು. ಇಲ್ಲದಿದ್ದರೆ ಹಿಂಬದಿಯ ಪತ್ರಾ ಬಿಚ್ಚಿದ ಕೂಡಲೇ ಬಾಗಿಲ ಬಾಯಿ ಅರ್ಧ ಇಂಚು ಅಗಲುತ್ತದೆ, ಮತ್ತೆ ಎಷ್ಟು ಬಡಿದರೂ ಬಾಗಿಲು ಸದ್ದಿಲ್ಲದೆ ಕೂರುವುದಿಲ್ಲ. ಈಗಲೂ ತಡವಾಗಿಲ್ಲ. ಟೇಪು ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ, ಅವು ಸಮವಾಗುವವರೆಗೆ ಜ್ಯಾಕಿನಿಂದ ತಳ್ಳಿ, ಆಮೇಲೆ ಬಿಗಿಯಿರಿ. ಅಳತೆಯನ್ನು ಬೆಳಗಿನ ಹೊತ್ತು, ಶೆಡ್ಡಿನ ನೆರಳಿನಲ್ಲಿಯೇ ಮಾಡಿ. ಒಂದೂವರೆ ಮೀಟರ್ ಉದ್ದದ ಉಕ್ಕಿನ ಪತ್ರಾ 20 ಡಿಗ್ರಿ ಹೆಚ್ಚು ಬಿಸಿಯಾದರೆ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಒಂದು ಬದಿ ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ ಇದ್ದರೆ ಮೇ ತಿಂಗಳಿನಲ್ಲಿ ನಿಮ್ಮ ಟೇಪು ಸುಳ್ಳು ಹೇಳದಿದ್ದರೂ ಕ್ಯಾಬಿನ್ ಸುಳ್ಳು ಹೇಳುತ್ತದೆ.

ವೆಲ್ಡಿಂಗಿಗೆ ಗ್ಯಾಸ್ ಬೇಡ, ಸಿಓಟೂ ಯಂತ್ರ ಬಳಸಿ. ಆ ಕಾಲದ ಪತ್ರಾ ಸುಮಾರು 18 ಗೇಜಿನದು, ಅಂದರೆ 1.2 ಮಿಲಿಮೀಟರ್. ಈಗಿನ ಕಾರಿನ ಪತ್ರಾಕ್ಕಿಂತ ದಪ್ಪ, ಲಾರಿ ಬಾಡಿಗೆ ನೀವು ಬಳಸುವುದಕ್ಕಿಂತ ತೆಳು. ಲಾರಿಗೆ ಎಳೆದಂತೆ ಒಂದೇ ಗೆರೆ ಎಳೆದರೆ ಮಾಡು ಹಪ್ಪಳದಂತೆ ಮುದುಡುತ್ತದೆ. ಎರಡು ಇಂಚಿಗೊಂದು ಚುಕ್ಕೆ ಇಟ್ಟು, ಎಡಕ್ಕೊಂದು ಬಲಕ್ಕೊಂದು, ಕೈಯಿಂದ ಮುಟ್ಟುವಷ್ಟು ತಣಿಯಲು ಬಿಟ್ಟು, ಆಮೇಲೆ ನಡುವಿನ ಚುಕ್ಕೆ ಇಡಿ. ನೀರು ಹಾಕಿ ತಣಿಸಬೇಡಿ. ಇಡೀ ಜೋಡಣೆಗೆ ಎರಡು ದಿನ ಹಿಡಿದರೆ ನೀವು ಅವಸರ ಮಾಡಿದ್ದೀರಿ ಎಂದೇ ತಿಳಿಯುತ್ತೇನೆ. ಪುಟ್ಟಿಯನ್ನು ಉಗುರಿನ ದಪ್ಪಕ್ಕಿಂತ ಹೆಚ್ಚು ಹಚ್ಚಬೇಡಿ, ನಿಂತ ಗಾಡಿಗಾದರೂ ಬಿಸಿಲು ತಪ್ಪಿದ್ದಲ್ಲ.

ಜಂಗು ಹಿಡಿದ ಜಾಗಗಳನ್ನು ಕೂಡಿಸುವ ಮುಂಚೆ ನೋಡಿ. ಈ ಕ್ಯಾಬಿನುಗಳು ಹಿಂದಿನ ಕೆಳಮೂಲೆಗಳಲ್ಲಿ ಸಾಯುತ್ತವೆ. ಅಲ್ಲಿ ಎರಡು ಪದರ ಪತ್ರಾದ ನಡುವೆ ಗೂಡಿನಂಥ ಜಾಗವಿದೆ. ನಮ್ಮ ಕಡೆಯ ಎರೆಮಣ್ಣು ಅದರೊಳಗೆ ಸೇರಿದರೆ ಕೆಂಪು ಮಣ್ಣಿನಂತೆ ಉದುರಿಹೋಗುವುದಿಲ್ಲ, ಒಣಗಿ ಇಟ್ಟಿಗೆಯಾಗಿ, ಪ್ರತಿ ಮಳೆಗಾಲದಲ್ಲೂ ನೀರು ಕುಡಿದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿದರೆ ಒಳಗೆ ಹೋಗಿಬಿಡುತ್ತದೆ.

ಪ್ರಶ್ನೆ: ನನ್ನ ಬಳಿ ಸೈನ್ಯದ ಹರಾಜಿನಲ್ಲಿ ಬಂದ ಜೋಂಗಾ ಇದೆ, ಕೆಎ 33 ನೋಂದಣಿ. ಹಿಂಬದಿಯ ಮಾಡು ಕತ್ತರಿಸಿ ಡಾಲಾ ಕೂಡಿಸಿದರೆ ಡಬಲ್ ಕ್ಯಾಬಿನ್ ಪಿಕಪ್ಪು ಆಗುತ್ತದೆ. ಚಾಸಿ ಮುಟ್ಟುವುದಿಲ್ಲ. ಆಗಲೂ ತಪ್ಪೇ?
ರೈತರು, ಶಹಾಪುರ

ಉತ್ತರ: ತಪ್ಪೇ. 1988ರ ಕಾಯ್ದೆಯ 52ನೆಯ ಕಲಮು ಚಾಸಿಯೊಂದನ್ನೇ ಹಿಡಿದು ಮಾತನಾಡುವುದಿಲ್ಲ. ಕಂಪನಿ ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. ಬಾಡಿಯ ಬಗೆಯೂ ಆ ವಿವರಗಳಲ್ಲಿ ಒಂದು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಮಾಡು ಒಂದು, ಡಾಲಾ ಇನ್ನೊಂದು ಎಂದು ಎಣಿಸುತ್ತ ಹೋದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. ಹೊಸ ಪಿಕಪ್ಪಿಗೆ ಹಳೆಯ ಗಾಡಿಯ ಮುಖ ಕೂಡಿಸಬಹುದೇ ಎಂದು ಸುರಪುರದಿಂದ ಬಂದ ಇನ್ನೊಂದು ಪತ್ರಕ್ಕೂ ಇದೇ ಉತ್ತರ.

ಜೋಂಗಾ ಎಂಬ ಹೆಸರಿನಲ್ಲಿಯೇ ಜಬಲ್ಪುರ ಅಡಗಿದೆ. ನಿಸಾನ್ ಕಂಪನಿಯ ಪ್ಯಾಟ್ರೋಲ್ ಎಂಬ ಹೆಸರಿನ ಜೀಪಿನ ನಕ್ಷೆಯಂತೆ ನಮ್ಮ ಸೈನ್ಯಕ್ಕಾಗಿ ಅಲ್ಲಿ ತಯಾರಾದ ಗಾಡಿ ಅದು. ಎಂಜಿನ್ನು ಸುಮಾರು ನಾಲ್ಕು ಲೀಟರಿನ, ಆರು ಸಿಲಿಂಡರಿನದು. ಎಣ್ಣೆ ಕುಡಿಯುವುದರಲ್ಲಿ ಎತ್ತಿದ ಕೈ ಎಂಬ ಕಾರಣಕ್ಕೆ ಹರಾಜಿನಲ್ಲಿ ಕೊಂಡ ಅನೇಕರು ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ನಿಮ್ಮದರಲ್ಲಿ ಇರುವ ಎಂಜಿನಿನ ನಂಬರು, ಇಂಧನ ಎರಡೂ ಆರ್‌ಸಿಯಲ್ಲಿ ಇದ್ದಂತೆಯೇ ಇವೆಯೇ ಎಂದು ಮೊದಲು ಪರೀಕ್ಷಿಸಿ. ಮಾಡಿನ ಚಿಂತೆ ಆಮೇಲಿನದು.

ಹೊಲಕ್ಕೆ ಆಳುಗಳನ್ನೂ ಔಷಧಿ ಪಂಪನ್ನೂ ಒಟ್ಟಿಗೆ ಒಯ್ಯಬೇಕು ಎಂಬುದು ನಿಮ್ಮ ಅಗತ್ಯ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೆ ಕಂಪನಿಯಿಂದಲೇ ಡಬಲ್ ಕ್ಯಾಬಿನ್ ಆಗಿ ಬರುವ ಗಾಡಿ ಕೊಳ್ಳುವುದೇ ಸರಿ. ಹಳದಿ ಬೋರ್ಡೋ ಬಿಳಿ ಬೋರ್ಡೋ ಎಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಿರಿ. ಇಸುಜು ವಿ ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥವು ಸ್ವಂತ ಬಳಕೆಯ ವಾಹನವಾಗಿ ನೋಂದಣಿಯಾಗುತ್ತವೆ, ಆದರೆ ಅವುಗಳ ಬೆಲೆಯಲ್ಲಿ ಹೊಲವನ್ನೇ ನೋಡಬಹುದು ಎಂದು ನಿಮ್ಮ ಮನೆಯವರು ಹೇಳಿದರೆ ಅವರನ್ನು ತಪ್ಪೆನ್ನಲಾರೆ.

ಪ್ರಶ್ನೆ: ನಮ್ಮಲ್ಲಿರುವ 1960ರ ದಶಕದ ವಿಲ್ಲೀಸ್ ಪಿಕಪ್ಪಿಗೆ ಹಿಂದಿನ ಮಾಲೀಕರು ಎಂದೋ ಡಬಲ್ ಕ್ಯಾಬಿನ್ ಕಟ್ಟಿಸಿದ್ದಾರೆ, ಆರ್‌ಸಿಯಲ್ಲಿ ಆರು ಸೀಟು ಎಂದೇ ಇದೆ. ಎರಡು ವರ್ಷದಿಂದ ಬೇಸಿಗೆಯಲ್ಲಿ ನಡುದಾರಿಯಲ್ಲಿ ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರುವಾಗುತ್ತದೆ. ಪೆಟ್ರೋಲಿನ ವಾಸನೆಯೂ ಬರುತ್ತಿದೆ.
ಓದುಗರು, ಬೀದರ

ಉತ್ತರ: ವಾಸನೆಯ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ, ನಾನು ಅದನ್ನೇ ಮೊದಲು ಹಿಡಿಯುತ್ತೇನೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನಿಂದಲೂ ಬರುವ ಪದಾರ್ಥವೇ, ಆದರೂ ಆ ಕಾಲದ ರಬ್ಬರಿಗೆ, ಬೂಚಿನ ಗ್ಯಾಸ್ಕೆಟ್ಟಿಗೆ, ಫ್ಯೂಯಲ್ ಪಂಪಿನ ಪರದೆಗೆ ಅದರ ಸ್ನೇಹವಿಲ್ಲ. ರಬ್ಬರು ಮೊದಲು ಉಬ್ಬಿ ಆಮೇಲೆ ಬಿರಿಯುತ್ತದೆ. ಗಾಡಿ ಓಡಿಸುವುದನ್ನು ಇಂದೇ ನಿಲ್ಲಿಸಿ, ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ಪೈಪು, ಪಂಪಿನ ಪರದೆಯನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಿ. ಕ್ಯಾಬಿನಿನಲ್ಲಿ ಆರು ಜನ ಕೂಡುವ ಗಾಡಿಯಲ್ಲಿ ಇದು ನಾಳೆಗೆ ಮುಂದೂಡುವ ಕೆಲಸವಲ್ಲ.

ನಡುದಾರಿಯಲ್ಲಿ ನಿಲ್ಲುವುದಕ್ಕೆ ಕಾರಣ ಪೈಪಿನಲ್ಲಿ ಪೆಟ್ರೋಲು ಕುದಿದು ಆವಿಯಾಗುವುದು. ಆವಿಯನ್ನು ಪಂಪು ಎಳೆಯಲಾರದು. ಹಳೆಯ ಚಾಲಕರು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷದಲ್ಲಿ ಗಾಡಿ ಎಬ್ಬಿಸುತ್ತಿದ್ದರು, ನೀವೂ ಒಮ್ಮೆ ಮಾಡಿ ನೋಡಿ. ಗಾಡಿ ಎದ್ದರೆ ರೋಗ ಇದೇ ಎಂದು ಖಾತ್ರಿ. ಮದ್ದು ಎಂದರೆ ಸೈಲೆನ್ಸರಿನ ಸಮೀಪ ಹಾದ ಪೈಪನ್ನು ದೂರ ಸರಿಸುವುದು, ನಡುವೆ ತಗಡಿನ ಮರೆ ಕೊಡುವುದು, ರೇಡಿಯೇಟರಿನ ಜಾಲರಿಯನ್ನು ಬಿಚ್ಚಿಸಿ ತೊಳೆಸುವುದು. ಎಥನಾಲಿನ ಕಸುವು ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ ಇರುವುದರಿಂದ ಕಾರ್ಬ್ಯುರೇಟರಿನ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿದರೆ ಎಂಜಿನ್ ಅಷ್ಟು ಕಾಯುವುದಿಲ್ಲ. ಬೀದರ ಕಲಬುರಗಿಗಿಂತ ಎತ್ತರದಲ್ಲಿದೆ, ತುಸು ತಂಪೂ ಇದೆ. ಇಲ್ಲಿಯೇ ನಿಲ್ಲುವ ಗಾಡಿ ಜೇವರ್ಗಿ ದಾಟಲಾರದು.

ಇನ್ನು ನಿಮ್ಮ ಆರ್‌ಸಿ. 2000ದ ತಿದ್ದುಪಡಿಗೆ ಮುಂಚೆ ನೋಂದಣಿ ಅಧಿಕಾರಿಯ ಒಪ್ಪಿಗೆಯೊಂದಿಗೆ ಬಾಡಿ ಬದಲಿಸಲು ಕಾಯ್ದೆಯಲ್ಲಿ ದಾರಿ ಇತ್ತು. ನಿಮ್ಮ ಗಾಡಿಯ ಆರು ಸೀಟು ಆ ಕಾಲದ ಒಪ್ಪಿಗೆಯಿಂದ ಬಂದದ್ದಾಗಿದ್ದರೆ, ಆ ಒಪ್ಪಿಗೆಯ ಕಾಗದ ಎಲ್ಲಿದೆ ಎಂದು ಹಿಂದಿನ ಮಾಲೀಕರ ಮನೆಯಲ್ಲಿ ಕೇಳಿ ತನ್ನಿ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋದಾಗ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಮೊದಲು ಕೇಳುವುದು ಅದನ್ನೇ. ಸಿಗದಿದ್ದರೆ ಹಳೆಯ ದಾಖಲೆಯ ನಕಲು ಪ್ರತಿಗಾಗಿ ಆರ್‌ಟಿಓ ಕಚೇರಿಗೆ ಈಗಲೇ ಅರ್ಜಿ ಕೊಡಿ, ನವೀಕರಣದ ತಿಂಗಳವರೆಗೆ ಕಾಯಬೇಡಿ.